ಬ್ಯಾಟರಿ ಬೇಡದ ಕಿಡಿ

ಮೊನ್ನೆ ಸಂಜೆ ಸೊಳ್ಳೆ ಬ್ಯಾಟ್ ಬೀಸುತ್ತಾ ಕೂತಿದ್ದೆ. ಬಸವೇಶ್ವರನಗರದ ಸೊಳ್ಳೆಗಳ ಬಗ್ಗೆ ನಾನು ಹೊಸದಾಗಿ ಹೇಳುವುದೇನೂ ಇಲ್ಲ. ದಪ್ಪನೆಯದೊಂದು ಸಿಕ್ಕಿಕೊಂಡು ಚಟ್ ಎಂದಿತು, ನೀಲಿ ಕಿಡಿ ಹಾರಿತು, ಅದರ ಹಿಂದೆಯೇ ಆ ವಾಸನೆ ಬಂತು... ಸುಟ್ಟ ಸೊಳ್ಳೆಯದಲ್ಲ, ಕಿಡಿಯದೇ ವಾಸನೆ. ಗಾಳಿಯೇ ಒಂಚೂರು ಸೀದುಹೋದ ಹಾಗೆ, ಮೂಗಿನ ತುದಿ ಚುರುಕ್ಕೆನ್ನುವ ಹಾಗೆ. ಬ್ಯಾಟ್ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ. ಈ ವಾಸನೆ ನನ್ನ ಮೂಗಿಗೆ ಮೊದಲು ಬಿದ್ದದ್ದು ಇದೇ ಬೀದಿಯಲ್ಲಿ, ಎಂಬತ್ತರ ದಶಕದಲ್ಲಿ, ನಮ್ಮ ಮನೆ ಓನರ್ ಸಾರ್ ಅವರ ಷೆಡ್ಡಿನಲ್ಲಿ. ಅವರು ಅಲ್ಲಿ ವಿಮಾನ ಕಟ್ಟುತ್ತಿದ್ದರು.

ಹೌದು, ವಿಮಾನವೇ. ಆಟಿಕೆಯಲ್ಲ, ಒಬ್ಬ ಮನುಷ್ಯ ಕೂತು ಹಾರುವಂಥದ್ದು.

ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ಬಾಡಿಗೆ ಮನೆ ಹುಡುಕುತ್ತಾ ಈ ಬೀದಿಗೆ ಬಂದಿದ್ದೆವು. ಕೆಳಗೆ ಓನರ್, ಮೇಲೊಂದು ಪೋರ್ಷನ್. ಬಾಗಿಲು ತೆರೆದವರು ಸಾರ್ ಅವರ ಹೆಂಡತಿ. ನಾನು ಅಂದಿನಿಂದ ಕೊನೆಯವರೆಗೂ ಆಂಟಿ ಎಂದೇ ಕರೆದೆ. ಅವರು ಜಾತಿ ಕೇಳಲಿಲ್ಲ, ಊರು ಕೇಳಲಿಲ್ಲ. "ತಾರಸಿ ಮೇಲೆ ರೆಕ್ಕೆ ಒಣಗ್ತಾ ಇರುತ್ತೆ. ತುಳಿಬಾರದು, ಅಷ್ಟೇ" ಎಂದರು. ನನ್ನ ಗಂಡ ಕೋಳಿಯ ರೆಕ್ಕೆ ಇರಬೇಕು, ಇದೆಂಥ ಮನೆಯಪ್ಪಾ ಎಂದು ಗಾಬರಿಯಾಗಿದ್ದರಂತೆ. ಮೇಲೆ ಹೋಗಿ ನೋಡಿದರೆ ತಾರಸಿಯ ಈ ಗೋಡೆಯಿಂದ ಆ ಗೋಡೆಯವರೆಗೆ ಇಟ್ಟಿಗೆಗಳ ಮೇಲೆ ಒಂದು ರೆಕ್ಕೆ ಮಲಗಿತ್ತು. ಮರದ ಪಟ್ಟಿಗಳ ಮೇಲೆ ಬಟ್ಟೆ ಬಿಗಿದು, ಉಗುರುಬಣ್ಣದಂಥ ವಾಸನೆಯ ಏನನ್ನೋ ಬಳಿದಿದ್ದರು. ಪಕ್ಕದಲ್ಲೇ ಹಳೇ ಪಂಚೆಯ ಮೇಲೆ ಆಂಟಿಯ ಸಂಡಿಗೆ. ಎರಡಕ್ಕೂ ಕಾಗೆ ಕಾಯುವ ಕೆಲಸ ಆಂಟಿಯದೇ ಆಗಿತ್ತು.

ಸಾರ್ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಹರೆಯದಲ್ಲಿ ಗ್ಲೈಡರ್ ಹಾರಿಸಲು ಕಲಿತಿದ್ದರಂತೆ. ಆಮೇಲೆ ಸಂಸಾರ, ನೌಕರಿ, ಸೈಟು, ಮನೆ ಎಂದು ವರ್ಷಗಳು ನೆಲದ ಮೇಲೆಯೇ ಕಳೆದುಹೋದವು. ಬೀದಿಯವರು ಅವರ ಬೆನ್ನ ಹಿಂದೆ ತಲೆಯ ಪಕ್ಕ ಬೆರಳು ತಿರುಗಿಸುತ್ತಿದ್ದರು. ಎದುರಿಗೆ ಸಿಕ್ಕಿದರೆ ಮಾತ್ರ "ಎಲ್ಲೀವರೆಗೆ ಬಂತು ಸಾರ್ ಪುಷ್ಪಕ ವಿಮಾನ?" ಎಂದು ನಯವಾಗಿ ವಿಚಾರಿಸುತ್ತಿದ್ದರು. ಸಾರ್ ಅದನ್ನು ನಿಜವಾದ ಪ್ರಶ್ನೆ ಎಂದೇ ತಿಳಿದು, ಬಾಲದ ಕೆಲಸ ಎಲ್ಲಿಗೆ ಬಂದಿದೆ ಎಂದು ನಿಂತು ವಿವರಿಸುತ್ತಿದ್ದರು. ಕೇಳಿದವರೇ ಗಡಿಯಾರ ನೋಡಿಕೊಂಡು ಜಾಗ ಖಾಲಿ ಮಾಡಬೇಕಾಗುತ್ತಿತ್ತು.

ಷೆಡ್ಡಿನ ನಡುವೆ ಮೇಜಿನ ಮೇಲೆ ಎಂಜಿನ್ ಇತ್ತು. ಯಾವುದೋ ವಿದೇಶಿ ಮೋಟರ್‌ಸೈಕಲ್ಲಿನದು, ಬೊಂಬಾಯಿಯ ಗುಜರಿಯಿಂದ ಬಂದದ್ದು. ಮಾಮೂಲಿ ಎಂಜಿನ್ ಅಲ್ಲ, ರೋಟರಿ. ಹಾಗೆಂದರೇನು ಎಂದು ನಾನು ಕೇಳಿದಾಗ ಅವರು ಹಿತ್ತಲಿನ ಕಡೆ ಕೈ ತೋರಿಸಿದರು. ಅಲ್ಲಿ ಒನಕೆಯೂ ಇತ್ತು, ರುಬ್ಬುವ ಒರಳೂ ಇತ್ತು. "ಸಾಧಾರಣ ಎಂಜಿನ್ ಒನಕೆ ಥರಾನಮ್ಮಾ, ಮೇಲೆ ಕೆಳಗೆ ಕುಟ್ಟುತ್ತೆ. ಇದು ಒರಳಲ್ಲಿ ಗುಂಡು ಉರುಳ್ದಂಗೆ ಸುತ್ತುತ್ತೆ. ಅದಕ್ಕೇ ನಡುಕ ಕಮ್ಮಿ." ಒಳಗೆ ಮೂರು ಮೂಲೆಯ ಕಬ್ಬಿಣದ ಗುಂಡು, ಅದು ಉರುಳುತ್ತಾ ಪೆಟ್ರೋಲಿನ ಆವಿಯನ್ನು ಒತ್ತುತ್ತದೆ, ಒತ್ತಿದ ಕಡೆ ಕಿಡಿ ಹಾರಬೇಕು. ಅಷ್ಟೇ. ನನಗೆ ಅಂದಿನಿಂದ ದೋಸೆಗೆ ರುಬ್ಬುವಾಗಲೆಲ್ಲ ವಿಮಾನದ ಜ್ಞಾಪಕ ಬರತೊಡಗಿತು.

ತಕರಾರು ಇದ್ದದ್ದು ಆ ಕಿಡಿಯಲ್ಲೇ.

ಎಂಜಿನ್ ಜೊತೆ ಬಂದ ವ್ಯವಸ್ಥೆಯಲ್ಲಿ ಕಿಡಿ ಬರಬೇಕಾದರೆ ಬ್ಯಾಟರಿ ಬೇಕಿತ್ತು. ಆಂಟಿಗೆ ಬ್ಯಾಟರಿ ಎಂದರೆ ಆಗುತ್ತಿರಲಿಲ್ಲ. ನಾವು ಬರುವುದಕ್ಕೆ ಮುಂಚೆ ಒಮ್ಮೆ ಇಬ್ಬರೂ ಹಳೇ ಕಾರಿನಲ್ಲಿ ಕೆಂಗೇರಿ ಕಡೆಯಿಂದ ಬರುತ್ತಿದ್ದರಂತೆ. ಮೈಸೂರು ರಸ್ತೆಯಲ್ಲಿ ಬ್ಯಾಟರಿ ಸತ್ತು ಎಂಜಿನ್ ನಿಂತಿತು. ದಾರಿಹೋಕರು ಸೇರಿ ದೀಪಾಂಜಲಿ ನಗರದ ಗ್ಯಾರೇಜಿನ ತನಕ ಕಾರು ತಳ್ಳಿದರು. ರೇಷ್ಮೆ ಸೀರೆ ಉಟ್ಟಿದ್ದ ಆಂಟಿಯೂ ಸೆರಗು ಸಿಕ್ಕಿಸಿಕೊಂಡು ತಳ್ಳಿದರು. ಸಾರ್ ವಿಮಾನದ ಮಾತೆತ್ತಿದಾಗ ಆಂಟಿ ಕೇಳಿದ್ದು ಒಂದೇ ಪ್ರಶ್ನೆ. "ರಸ್ತೇಲಿ ನಿಂತ್ರೆ ನಾಲ್ಕು ಜನ ತಳ್ತಾರೆ. ಮೇಲೆ ತಳ್ಳೋಕೆ ಯಾರ್ರೀ ಬರ್ತಾರೆ?"

ಕೊನೆಗೆ ಅವರಿಬ್ಬರಲ್ಲಿ ಒಂದು ಒಪ್ಪಂದವಾಯಿತು. ಎಂಜಿನ್ ಓಡುತ್ತಿರುವಾಗ ಆಂಟಿ ತಮ್ಮ ಕೈಯಾರೆ ಬ್ಯಾಟರಿಯ ವೈರು ಕೀಳಬೇಕು. ಆಮೇಲೂ ಎಂಜಿನ್ ಓಡಿದರೆ ಸಾರ್ ಹಾರಬಹುದು. ನಿಂತರೆ ಎಂಜಿನ್ ಮಾರಿಬಿಡಬೇಕು, ರೆಕ್ಕೆ ಕಳಚಬೇಕು, ಮತ್ತೆ ಆ ಮಾತು ಎತ್ತಬಾರದು. ಇದನ್ನು ಆಂಟಿಯೇ ನನಗೆ ಹೇಳಿದರು, ಅವರೆಕಾಳು ಹಿದುಕುತ್ತಾ, ತರಕಾರಿ ರೇಟು ಹೇಳುವಷ್ಟೇ ಸಲೀಸಾಗಿ. ಸಾರ್ ಪಕ್ಕದಲ್ಲಿ ಕೂತು ತಾವೂ ಹಿದುಕುತ್ತಾ ಹೌದೆಂದು ತಲೆಯಾಡಿಸಿದರು. ಒಬ್ಬ ಮನುಷ್ಯನ ಆಯುಷ್ಯದ ಆಸೆ ಒಂದು ವೈರಿನ ತುದಿಯಲ್ಲಿ ನೇತಾಡುತ್ತಿತ್ತು, ಇವರಿಬ್ಬರೂ ಕಾಳು ಹಿದುಕುತ್ತಿದ್ದರು.

ದಾರಿ ಹೊಳೆದದ್ದು ಸ್ಕೂಟರಿನಿಂದ. ಆ ಕಾಲದಲ್ಲಿ ಪಶ್ಚಿಮ ಬೆಂಗಳೂರೆಲ್ಲ ಸ್ಕೂಟರಿನ ಮೇಲೆಯೇ ಓಡಾಡುತ್ತಿತ್ತು. ಕಿಕ್ ಹೊಡೆಯುವುದು, ವಾಲಿಸುವುದು, ಮತ್ತೆ ಕಿಕ್ ಹೊಡೆಯುವುದು. ಅವುಗಳಲ್ಲಿ ಎಷ್ಟೋ ಗಾಡಿಗಳಿಗೆ ಬ್ಯಾಟರಿಯೇ ಇರುತ್ತಿರಲಿಲ್ಲ. ಒಳಗೆ ಅಯಸ್ಕಾಂತ ಕೂರಿಸಿದ ಒಂದು ಚಕ್ರ. ಅದು ತಂತಿಸುರುಳಿಯ ಸುತ್ತ ತಿರುಗಿದರೆ ಕರೆಂಟು ಹುಟ್ಟಿ ಕಿಡಿ ಹಾರುತ್ತದೆ. ಮೆಕ್ಯಾನಿಕ್ಕುಗಳು ಅದನ್ನು ಮ್ಯಾಗ್ನೆಟ್ ಎಂದೇ ಕರೆಯುತ್ತಿದ್ದರು. ಸಾರ್ ಲೆಕ್ಕ ಹಾಕಿ ನೋಡಿದರು: ಸ್ಕೂಟರಿನ ಅಚ್ಚು ಒಂದು ಸುತ್ತು ಬಂದರೆ ಒಂದು ಕಿಡಿ, ತಮ್ಮ ರೋಟರಿಯ ಅಚ್ಚು ಒಂದು ಸುತ್ತು ಬಂದರೂ ಒಂದೇ ಕಿಡಿ. ಜಾತಕ ಕೂಡಿತು! ಅವರು ಎಂಜಿನ್‌ಗೆ ಎರಡು ಪ್ಲಗ್ ಕೂರಿಸಿದರು. ಒಂದಕ್ಕೆ ಬ್ಯಾಟರಿಯ ಕಿಡಿ, ಚಾಲೂ ಮಾಡಲು. ಇನ್ನೊಂದಕ್ಕೆ ಹಳೇ ಸ್ಕೂಟರಿನ ಮ್ಯಾಗ್ನೆಟ್‌ನ ಕಿಡಿ, ಬ್ಯಾಟರಿ ಸತ್ತರೂ ಓಡಲು.

ಒಂದು ಭಾನುವಾರ ಷೆಡ್ಡಿಗೆ ಕರೆದು ತೋರಿಸಿದರು. ಚಕ್ರಕ್ಕೆ ಹುರಿ ಸುತ್ತಿ ಬುಗುರಿಯ ಹಾಗೆ ಎಳೆದರು. ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಚಟಚಟ ಎಂದಿತು, ಆ ವಾಸನೆ ಬಂತು. ಗೋಡೆಗೆ ಸಿಕ್ಕಿಸಿದ ವೈರಿಲ್ಲ, ಬ್ಯಾಟರಿಯಿಲ್ಲ, ಬೆಂಕಿಕಡ್ಡಿಯಿಲ್ಲ. ಇಷ್ಟಗಲದ ಕಬ್ಬಿಣದೊಳಗಿಂದ ಮಿಂಚು. "ತಿರುಗಿಸಿದ್ರೆ ಸಾಕಮ್ಮಾ, ಇದಕ್ಕೆ ಬೇರೆ ಯಾರ ಹಂಗೂ ಇಲ್ಲ" ಎಂದರು ಸಾರ್. ಚಕ್ರ ಬಿಚ್ಚಿ ಒಳಗೆ ಒಂದು ಸ್ಪ್ಯಾನರ್ ಅಂಟಿಸಿ, ಕೀಳು ನೋಡೋಣ ಎಂದರು. ನಾನು ಎರಡೂ ಕೈಯಲ್ಲಿ ಎಳೆದೆ, ಜಪ್ಪಯ್ಯ ಎಂದರೂ ಬರಲಿಲ್ಲ. ಆಮೇಲೆ ಅವರು ಸ್ಪ್ಯಾನರ್ ಓರೆಮಾಡಿ ಸುಲಭವಾಗಿ ತೆಗೆದು, ಆ ಜಾಗದಲ್ಲಿ ಜಿಡ್ಡು ಹಿಡಿದ ಕಬ್ಬಿಣದ ಪಟ್ಟಿಯೊಂದನ್ನು ಅಡ್ಡಲಾಗಿ ಅಂಟಿಸಿ, ಚಕ್ರವನ್ನು ಬಟ್ಟೆಯಲ್ಲಿ ಸುತ್ತಿಟ್ಟರು. ಆ ಪಟ್ಟಿ ಯಾಕೆ ಎಂದು ನಾನು ಅಂದು ಕೇಳಲಿಲ್ಲ.

ಅಷ್ಟರಲ್ಲಿ ಆಯುಧಪೂಜೆ ಬಂತು.

ಆಂಟಿಯ ಆಯುಧಪೂಜೆ ಎಂದರೆ ಸಣ್ಣ ಸಂಗತಿಯಲ್ಲ. ಈಳಿಗೆಮಣೆ, ಹೊಲಿಗೆ ಯಂತ್ರ, ನನ್ನ ಮೊಪೆಡ್ಡು, ಷೆಡ್ಡಿನ ಸುತ್ತಿಗೆ, ಗರಗಸ, ಎಲ್ಲಕ್ಕೂ ಸ್ನಾನ, ಎಲ್ಲಕ್ಕೂ ಅರಿಸಿನ ಕುಂಕುಮ. ಅವರದೊಂದು ಕಟ್ಟಳೆ: ಒಂದೊಂದು ಸಾಮಾನಿಗೂ ಒಂದೊಂದು ಹೂವು ಸಿಗಬೇಕು. ಸ್ಕ್ರೂಡ್ರೈವರುಗಳನ್ನು ಕಟ್ಟಾಗಿ ಇಟ್ಟು ಮೇಲೊಂದು ಹೂವು ಇಟ್ಟರೆ ಅದು ಮೋಸ. ಕತ್ತಿಯ ತಿರುಪು ಸಡಿಲವಿದ್ದರೆ ಹಿಡಿಯನ್ನೂ ಅಲಗನ್ನೂ ಬೇರೆ ಮಾಡಿ ಎರಡು ಹೂವು ಇಡುತ್ತಿದ್ದರು. ದೇವರ ಮುಂದೆ ಇಟ್ಟದ್ದನ್ನು ವಿಜಯದಶಮಿ ಕಳೆಯುವವರೆಗೆ ಯಾರೂ ಮುಟ್ಟುವಂತಿರಲಿಲ್ಲ, ಸಾರ್ ಕೂಡ. ವಿಜ್ಞಾನದಲ್ಲಿ ಹಟಮಾರಿಯಾಗಿದ್ದ ಸಾರ್ ಆ ದಿನಗಳಲ್ಲಿ ಷೆಡ್ಡಿಗೆ ಬೀಗ ಹಾಕಿ, ಒಗ್ಗರಣೆ ಹಾಕಿದ ಕಡಲೆಕಾಳು ಮೆಲ್ಲುತ್ತಾ ಸುಮ್ಮನಿರುತ್ತಿದ್ದರು.

ಹಬ್ಬ ಕಳೆದ ಮೊದಲ ಭಾನುವಾರ ಪರೀಕ್ಷೆ. ಎಂಜಿನ್ನನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದು, ಚೌಕಟ್ಟನ್ನು ತೆಂಗಿನಮರಕ್ಕೆ ಕಟ್ಟಿದ್ದರು. ಮುಂದೆ ಅವರೇ ಕೆತ್ತಿದ ಮರದ ಪಂಖ. ಬೀದಿಯೆಲ್ಲ ಕಾಂಪೌಂಡಿನ ಮೇಲೆ ಕೂತಿತ್ತು. ಪಂಖ ಎಳೆದ ತಕ್ಷಣ ಎಂಜಿನ್ ಹಿಡಿದುಕೊಂಡಿತು. ಅಬ್ಬಾ, ಆ ಸದ್ದು! ಆಂಟಿ ಬಗ್ಗಿ ವೈರು ಕಿತ್ತರು. ಎಂಜಿನ್ ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು... ನಿಂತುಹೋಯಿತು. ಪಂಖ ಮಾತ್ರ ಸ್ವಲ್ಪ ಹೊತ್ತು ಸುಮ್ಮನೆ ತಿರುಗುತ್ತಿತ್ತು. ಯಾರೋ ಶಿಳ್ಳೆ ಹೊಡೆದರು. ಸಾರ್ ಕೈ ಒರೆಸಿಕೊಂಡು, "ಆಯ್ತು, ನಿಂತೋಯ್ತು" ಎಂದಷ್ಟೇ ಹೇಳಿ ಎಂಜಿನ್ ಮೇಲೆ ಟಾರ್ಪಾಲು ಎಳೆದರು.

ಆ ವಾರದಲ್ಲೇ ಎಂಜಿನ್ ಕೊಳ್ಳಲು ಒಬ್ಬರು ಬಂದು ನೋಡಿಕೊಂಡು, ಮುಂದಿನ ವಾರ ಟೆಂಪೋ ತರುತ್ತೇನೆಂದು ಹೋದರು. ನಾನು ತಡೆಯಲಾರದೆ ಷೆಡ್ಡಿಗೆ ಹೋಗಿ ಕೇಳಿದೆ. ಮ್ಯಾಗ್ನೆಟ್ ಸೊರಗಿದೆ ಎಂದರು ಸಾರ್. ಹೊರಗೆ ಗಾಳಿಯಲ್ಲಿ ಕಿಡಿ ಹಾರುತ್ತಿದೆ, ಆದರೆ ಎಂಜಿನ್ ಒಳಗಿನ ಒತ್ತಡದಲ್ಲಿ ಹಾರುವಷ್ಟು ಕಸುವಿಲ್ಲ. ಚಕ್ರದೊಳಗೆ ಸ್ಪ್ಯಾನರ್ ಅಂಟಿಸಿ ತೋರಿಸಿದರು. ನಾನು ಮುಟ್ಟಿದ್ದೇ ತಡ, ಕೈಗೆ ಬಂತು. "ಹೆಂಗಾಯ್ತು ಸಾರ್?" ಎಂದೆ. "ಹಳೇದಲ್ವೇನಮ್ಮಾ" ಎಂದು ಮುಖ ತಿರುಗಿಸಿಕೊಂಡರು. ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮರುದಿನ ಆಂಟಿ ದೇವರಮನೆ ಗುಡಿಸುತ್ತಿದ್ದವರು ನನ್ನನ್ನು ಕರೆದರು. ಕೈಯಲ್ಲಿ ಕಬ್ಬಿಣದ ಪಟ್ಟಿ. ಹುಣಸೆಹಣ್ಣು ಹಾಕಿ ತಿಕ್ಕಿದ್ದರಿಂದ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು, ನಡುವೆ ಕುಂಕುಮದ ಬೊಟ್ಟು. "ಇದು ಆ ಚಕ್ರಕ್ಕೆ ಅಂಟ್ಕೊಂಡಿತ್ತು ಕಣೇ. ಎರಡಕ್ಕೂ ಸೇರಿ ಒಂದೇ ಹೂವಾಗುತ್ತಲ್ಲ ಅಂತ ಕಿತ್ತು ಬೇರೆ ಇಟ್ಟಿದ್ದೆ. ಇದೇನಿದು?" ಎಂದರು. ನನಗೆ ಸ್ಕೂಲಿನ ಲ್ಯಾಬಿನಲ್ಲಿದ್ದ ಲಾಳದ ಆಕಾರದ ಅಯಸ್ಕಾಂತ ನೆನಪಿಗೆ ಬಂತು. ಅದರ ಬಾಯಿಗೆ ಸದಾ ಒಂದು ಕಬ್ಬಿಣದ ತುಂಡು ಅಂಟಿಸಿಟ್ಟಿರುತ್ತಿದ್ದರು. ಹಾಗೆ ಇಡದಿದ್ದರೆ ಹಳೇ ನಮೂನೆಯ ಅಯಸ್ಕಾಂತದ ಶಕ್ತಿ ಸೋರಿಹೋಗುತ್ತದೆ ಎಂದು ಟೀಚರು ಹೇಳಿದ್ದರು. ಹೇಳಬಾರದೆಂದುಕೊಳ್ಳುವಷ್ಟರಲ್ಲಿ ಹೇಳಿಬಿಟ್ಟಿದ್ದೆ.

ಆಂಟಿ ಪೊರಕೆ ಹಿಡಿದುಕೊಂಡೇ ನೆಲದ ಮೇಲೆ ಕೂತರು. "ಅವರಿಗೆ ಗೊತ್ತಾಗಿದೆ" ಎಂದರು. "ಪರೀಕ್ಷೆ ಮುಗಿದ ಸಾಯಂಕಾಲ ಇಲ್ಲಿ ಬಂದು ಈ ಪಟ್ಟಿ ನೋಡ್ತಾ ನಿಂತಿದ್ರು. ನಾನು ಏನ್ರೀ ಅಂದೆ. ಏನಿಲ್ಲ, ದೇವ್ರಿಗೆ ಕೈ ಮುಗ್ದೆ ಅಂದ್ರು."

ವಿಮಾನ ಕಟ್ಟುವವರನ್ನು ಕಂಡು ನನಗೆ ಬೆರಗಾಗಿತ್ತು, ನಿಜ. ಆದರೆ ಆ ಮಾತು ಕೇಳಿದಾಗ ಆದ ಬೆರಗಿನ ಮುಂದೆ ಅದು ಏನೂ ಅಲ್ಲ. ಒಂದು ಮಾತು ಆಡಿದ್ದರೆ ಸಾಕಿತ್ತು. "ನೀನು ಪಟ್ಟಿ ಕಿತ್ತೆ, ಅದಕ್ಕೆ ನಿಂತಿತು" ಎಂದಿದ್ದರೆ ಪರೀಕ್ಷೆ ಮತ್ತೆ ನಡೆಯುತ್ತಿತ್ತು, ಎಂಜಿನ್ ಉಳಿಯುತ್ತಿತ್ತು. ಹೆಂಡತಿಗೆ ಪೂಜೆಯ ಹೆಸರಿನಲ್ಲಿ ನೋವಾಗಬಾರದೆಂದು ಆ ಮನುಷ್ಯ ಆಕಾಶವನ್ನೇ ಬಿಟ್ಟುಕೊಡಲು ಹೊರಟಿದ್ದರು!

ಆಂಟಿ ಎದ್ದು ಮುಖ ತೊಳೆದುಕೊಂಡು ಬಂದರು. "ಗಾಡಿ ತೆಗಿ."

ಷೆಡ್ಡಿನಿಂದ ಚಕ್ರ ತಂದು ಪಟ್ಟಿಯ ಜೊತೆ ತರಕಾರಿ ಚೀಲಕ್ಕೆ ಹಾಕಿ, ಆಂಟಿಯನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ರಾಜಾಜಿನಗರದ ಕಡೆ ಹೊರಟೆ. ಅಲ್ಲಿ ಸ್ಕೂಟರ್ ಅಂಗಡಿಯೊಂದರ ಮುಂದೆ "ಮ್ಯಾಗ್ನೆಟ್ ಚಾರ್ಜ್ ಮಾಡಲಾಗುವುದು" ಎಂಬ ಬೋರ್ಡನ್ನು ನಾನು ಆಫೀಸಿಗೆ ಹೋಗುವಾಗ ದಿನಾ ನೋಡುತ್ತಿದ್ದೆ. ಮೆಕ್ಯಾನಿಕ್ ಚಕ್ರ ತಿರುಗಿಸಿ ನೋಡಿ, "ಗಾಡಿ ಎಲ್ಲಮ್ಮಾ?" ಎಂದ.

"ಇದು ಏರೋಪ್ಲೇನ್‌ದಪ್ಪಾ" ಎಂದರು ಆಂಟಿ.

ಅವನು ನನ್ನ ಮುಖ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಅವನು ಚಕ್ರವನ್ನು ದಪ್ಪ ತಂತಿಸುರುಳಿಗಳ ನಡುವೆ ಕೂರಿಸಿದ. ಆ ಸುರುಳಿಗೆ ವೈರು ಬರುತ್ತಿದ್ದದ್ದು ಸಾಲಾಗಿ ಜೋಡಿಸಿದ ಬ್ಯಾಟರಿಗಳಿಂದ. ಆಂಟಿ ಅದನ್ನು ನೋಡಿ, ಅಷ್ಟು ದಿನದಲ್ಲಿ ಮೊದಲ ಸಲ ನಕ್ಕರು. "ಬ್ಯಾಟರಿ ಬೇಡ ಅನ್ನೋದಕ್ಕೂ ಬ್ಯಾಟರೀನೇ ಜೀವ ಕೊಡ್ಬೇಕಾ!" ಅವನು ಸ್ವಿಚ್ ಒತ್ತಿದ. ಧಡ್ ಎಂದು ಸುರುಳಿ ಅದುರಿತು. ಆಂಟಿ ಚೀಲದಿಂದ ಪಟ್ಟಿ ತೆಗೆದು ಹತ್ತಿರ ಒಯ್ದರು. ಅದು ಅವರ ಬೆರಳಿನಿಂದ ತಾನೇ ಹಾರಿ ಹೋಗಿ ಚಕ್ರಕ್ಕೆ ಅಂಟಿಕೊಂಡಿತು.

ಮನೆಗೆ ಬಂದು ಆಂಟಿ ಚಕ್ರವನ್ನು ಪಟ್ಟಿಯ ಸಮೇತ ಸಾರ್ ಅವರ ಮೇಜಿನ ಮೇಲೆ ಇಟ್ಟರು. ಸಾರ್ ಅದನ್ನು ನೋಡಿದರು, ಆಂಟಿಯನ್ನು ನೋಡಿದರು. "ಮಾತು ಅಂದ್ರೆ ಮಾತು ಕಣೇ. ಆವತ್ತು ನಿಂತೋಯ್ತಲ್ಲ."

"ಆವತ್ತು ನಿಲ್ಸಿದ್ದು ನಾನು. ಅದು ಲೆಕ್ಕಕ್ಕಿಲ್ಲ. ಭಾನುವಾರ ಇನ್ನೊಂದ್ಸಲ ಕೀಳ್ತೀನಿ."

ಭಾನುವಾರ ಕಿತ್ತರು. ಕಾಂಪೌಂಡಿನ ಮೇಲೆ ಈ ಸಲ ಅಷ್ಟು ಜನರಿರಲಿಲ್ಲ. ವೈರು ಬಿಚ್ಚಿದಾಗ ಎಂಜಿನ್ನಿನ ಸದ್ದು ಒಂದು ಕೂದಲೆಳೆ ತಗ್ಗಿತು... ಆದರೆ ನಿಲ್ಲಲಿಲ್ಲ. ಓಡುತ್ತಲೇ ಇತ್ತು. ಆಂಟಿ ಅನುಮಾನವಿದ್ದವರಂತೆ ಬ್ಯಾಟರಿಯನ್ನೇ ಎತ್ತಿಕೊಂಡು ಅಡುಗೆಮನೆಗೆ ಒಯ್ದು ಇಟ್ಟು ಬಂದರು. ಆಗಲೂ ಓಡುತ್ತಿತ್ತು. ತೆಂಗಿನ ಗರಿಗಳೆಲ್ಲ ಹಿಂದಕ್ಕೆ ಬಾಗಿದ್ದವು, ನನ್ನ ಜಡೆ ಬಿಚ್ಚಿಹೋಗಿತ್ತು, ಸಾರ್ ಕಣ್ಣೊರೆಸಿಕೊಳ್ಳುತ್ತಾ ಧೂಳು ಎನ್ನುತ್ತಿದ್ದರು. ಟೆಂಪೋ ತಂದವರು ಬರಿಗೈಯಲ್ಲಿ, ಹೊಟ್ಟೆ ತುಂಬ ಉಪ್ಪಿಟ್ಟು ತಿಂದು ವಾಪಸು ಹೋದರು.

ಬೇಸಗೆಯಲ್ಲಿ ವಿಮಾನವನ್ನು ಬಿಡಿಬಿಡಿಯಾಗಿ ಲಾರಿಯಲ್ಲಿ ಹೇರಿಕೊಂಡು ಹೇರೋಹಳ್ಳಿಯ ಆಚೆ ಬತ್ತಿದ ಒಂದು ಕೆರೆಯಂಗಳಕ್ಕೆ ಒಯ್ದೆವು. ಹಾರಲು ಸರ್ಕಾರದ ಅನುಮತಿ ಬೇಕಿತ್ತು, ಅದು ಬರುವ ಲಕ್ಷಣವಿರಲಿಲ್ಲ. ನೆಲದ ಮೇಲೆ ಓಡಿಸಿ ನೋಡುತ್ತೇನೆ, ಅಷ್ಟೇ ಎಂದಿದ್ದರು ಸಾರ್. ಎಮ್ಮೆ ಮೇಯಿಸುತ್ತಿದ್ದವರು ಬಂದು ಸುತ್ತ ನಿಂತರು. ನನ್ನ ಗಂಡ ಪಂಖ ಎಳೆದರು. ಎಂಜಿನ್ ಹಿಡಿದ ಮೇಲೆ ಆಂಟಿ ವೈರು ಬಿಚ್ಚಿ, ಬ್ಯಾಟರಿ ಎತ್ತಿಕೊಂಡು ಏರಿಯ ಮೇಲೆ ಹೋಗಿ ಕೂತರು. "ಕೆಳಗಿಡಿ ಆಂಟಿ" ಎಂದೆ. ಕೇಳಿಸಿತೋ ಇಲ್ಲವೋ, ಮಡಿಲಲ್ಲೇ ಇಟ್ಟುಕೊಂಡು ಎರಡೂ ಕೈಯಿಂದ ಅಪ್ಪಿ ಹಿಡಿದಿದ್ದರು.

ವಿಮಾನ ಧೂಳೆಬ್ಬಿಸಿಕೊಂಡು ಓಡಿತು. ಓಡುತ್ತಾ ಓಡುತ್ತಾ... ಗಾಲಿಗಳ ಕೆಳಗೆ ಬೆಳಕು ಕಂಡಿತು. ಮೊದಲು ಒಂದು ಗೇಣು, ಆಮೇಲೆ ಎಮ್ಮೆಯ ಎತ್ತರ, ಆಮೇಲೆ ಅಲ್ಲಿದ್ದ ಜಾಲಿಮರಗಳ ತಲೆಗಿಂತ ಮೇಲೆ. ನಾನು ತಾರಸಿಯಲ್ಲಿ ಸಂಡಿಗೆಯ ಪಕ್ಕದಲ್ಲಿ ನೋಡಿದ್ದ ರೆಕ್ಕೆ ಬಿಸಿಲಿನಲ್ಲಿ ಹೊಳೆಯುತ್ತಿತ್ತು. ಅದು ಕೆರೆಯ ಆ ತುದಿಯವರೆಗೆ ಹಾಗೇ ಹೋಗಿ, ಕೊಕ್ಕರೆ ಇಳಿದ ಹಾಗೆ ಮೆತ್ತಗೆ ಇಳಿದು ನಿಂತಿತು. ಇಳಿದ ಮೇಲೂ ಎಂಜಿನ್ ಓಡುತ್ತಿತ್ತು.

ಆಂಟಿ ನನ್ನ ಕೈ ಹಿಡಿದುಕೊಂಡರು. "ಯಾರೂ ತಳ್ಳಲಿಲ್ಲ, ಅಲ್ವೇನೇ?" ಎಂದರು.

ಎದ್ದಾಗ ನೋಡಿದರೆ ಬ್ಯಾಟರಿಯ ಆಸಿಡ್ ಚೆಲ್ಲಿ ಅವರ ಸೀರೆಯ ಮಡಿಲಿನ ಕಡೆ ಜರಡಿಯಂತೆ ತೂತು ಬಿದ್ದಿತ್ತು. ಆ ಸೀರೆಯನ್ನು ಅವರು ಸ್ಟೀಲ್ ಪಾತ್ರೆಯವಳಿಗೆ ಕೊಡಲಿಲ್ಲ, ಒರೆಸುವ ಬಟ್ಟೆ ಮಾಡಲಿಲ್ಲ. ಬೀರುವಿನಲ್ಲಿ ರೇಷ್ಮೆ ಸೀರೆಗಳ ಜೊತೆ ಮಡಿಸಿಟ್ಟರು.

ಅನುಮತಿ ಕೊನೆಗೂ ಬರಲಿಲ್ಲ. ವಿಮಾನ ಇನ್ನೊಮ್ಮೆ ಹಾರಲೂ ಇಲ್ಲ. ಕೆಲವು ವರ್ಷಗಳ ಮೇಲೆ ಸಾರ್ ಎದೆನೋವಿನಿಂದ ಹೋದರು. ವಿಮಾನವನ್ನು ಆಂಟಿ ಒಂದು ಎಂಜಿನಿಯರಿಂಗ್ ಕಾಲೇಜಿಗೆ ಕೊಟ್ಟರು. ಕೊಡುವ ಮುಂಚೆ ಆ ಚಕ್ರ ಒಂದನ್ನು ಬಿಚ್ಚಿಸಿ, ಪಟ್ಟಿ ಅಂಟಿಸಿ ನನ್ನ ಕೈಗಿಟ್ಟು, ಮನೆ ಮಾರಿ ತುಮಕೂರಿನ ತಂಗಿಯ ಜೊತೆ ಇರಲು ಹೋದರು. ತೂತಿನ ಸೀರೆ ಅವರ ಟ್ರಂಕಿನಲ್ಲಿ ಮೇಲೆಯೇ ಇತ್ತು. ಹೋದ ವರ್ಷ ಆಂಟಿಯೂ ಇಲ್ಲವಾದರು. ತೆಂಗಿನಮರ, ಷೆಡ್ಡು, ಒರಳು ಇದ್ದ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಕಟ್ಟಡ ನಿಂತಿದೆ. ನಾವು ಅದೇ ಬೀದಿಯ ತುದಿಯಲ್ಲಿ ಸ್ವಂತ ಮನೆಯಲ್ಲಿದ್ದೇವೆ.

ಮೊನ್ನೆ ನಾನು ಹೀಗೆ ಯೋಚಿಸುತ್ತಾ ಇನ್ನೊಮ್ಮೆ ಬೀಸಿದರೆ ಸೊಳ್ಳೆ ಬ್ಯಾಟು ಸದ್ದೇ ಮಾಡಲಿಲ್ಲ. ಚಾರ್ಜ್ ಮುಗಿದಿತ್ತು. ಅದನ್ನು ಬದಿಗಿಟ್ಟು ದೇವರಮನೆಗೆ ಹೋಗಿ ಚಕ್ರ ತೆಗೆದುಕೊಂಡೆ. ಪಟ್ಟಿಯನ್ನು ಅಲುಗಿಸಿ ನೋಡಿದೆ, ಜಗ್ಗಲಿಲ್ಲ. ಇಷ್ಟು ವರ್ಷವಾದರೂ ಒಳಗಿನ ಕಸುವು ಹಾಗೇ ಇದೆ. ಆದರೆ ತಿರುಗಿಸಿದರೆ ಸಾಕು ಎಂದವರು ಈಗಿಲ್ಲ, ವೈರು ಕಿತ್ತು ನೋಡುತ್ತೇನೆ ಎಂದವರೂ ಇಲ್ಲ. ಅಂಗೈಯಲ್ಲಿ ಅದರ ತಣ್ಣನೆಯ ಭಾರ ಹೊತ್ತು ನಿಂತಾಗ ಇಬ್ಬರೂ ಬೇಕೆನ್ನಿಸಿ ಅಳು ಬಂತು.

ಪ್ರತಿ ಆಯುಧಪೂಜೆಗೂ ಅದನ್ನು ಒರೆಸಿ ಮಣೆಯ ಮೇಲೆ ಇಡುತ್ತೇನೆ. ಆಂಟಿಯ ಕಟ್ಟಳೆ ಮುರಿದಿಲ್ಲ. ಚಕ್ರಕ್ಕೊಂದು ಹೂವು, ಪಟ್ಟಿಗೊಂದು ಹೂವು. ಎರಡನ್ನು ಬೇರೆ ಮಾತ್ರ ಮಾಡುವುದಿಲ್ಲ.